ಮೀನಿನ ತಲೆಗೆ ಅತ್ತವರು: ಬಹರೈನಿನಲ್ಲಿ ಲಾರೆನ್ಸಣ್ಣನ ಐದು ನಿಮಿಷ

ಬಹರೈನಿಗೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ಚಿನ್ನದ ಬಗ್ಗೆ, ಕಟ್ಟಡಗಳ ಎತ್ತರದ ಬಗ್ಗೆ ಬರೆಯುತ್ತಾರೆ. ನನಗೆ ಅವೆರಡನ್ನೂ ಸರಿಯಾಗಿ ನೋಡಲು ಪುರುಸೊತ್ತಾಗಲಿಲ್ಲ. ನಾನು ಹೋದದ್ದು ನನ್ನ ಸ್ವಂತ ಅಣ್ಣ ವೇದಿಕೆ ಹತ್ತಿ ಹಾಡದಂತೆ ತಡೆಯಲಿಕ್ಕೆ.

ಅಣ್ಣನ ಹೆಸರು ಲಾರೆನ್ಸ್. ನಮ್ಮ ಕರಾವಳಿಯ ಕ್ರೈಸ್ತರ ಮದುವೆಗೆ ಒಮ್ಮೆಯಾದರೂ ಹೋದವರು ಅವನ ಹೆಸರು ಕೇಳದಿದ್ದರೂ ಅವನ ಕೈವಾಡವನ್ನು ಅನುಭವಿಸಿದ್ದಾರೆ. ಎಲ್ಲ ಮುಗಿದು, ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಹೊತ್ತಿಗೆ ದೀಪ ತಗ್ಗಿಸಿ ಬ್ಯಾಂಡಿನವರು ಒಂದು ಕೊಂಕಣಿ ಹಾಡನ್ನು ಎಳೆದೆಳೆದು ಹಾಡುತ್ತಾರಲ್ಲ, ಅದು ಅವನದ್ದು. ಕನ್ನಡದಲ್ಲಿ ಹೇಳುವುದಾದರೆ, ‘ಬಸ್ಸು ಬಂತು, ಹತ್ತು ತಂಗಿ, ಹಿಂದೆ ನೋಡಬೇಡ’ ಎಂದು ಶುರುವಾಗುತ್ತದೆ. ಮುಂದೆ ಒಂದು ಕಡೆ, ‘ನಿನ್ನ ಪಾಲಿನ ಮೀನಿನ ತಲೆ ಇಂದಿನಿಂದ ನನಗೆ’ ಎಂದು ಬರುತ್ತದೆ. ಅಲ್ಲಿಗೆ ಬಂದಾಗ ಅಳದ ಹೆಂಗಸು ನಮ್ಮ ಧರ್ಮಪ್ರಾಂತದಲ್ಲಿ ಇಲ್ಲ. ಮೊದಲು ಅತ್ತವಳು ನಾನು. ಹಾಡು ಹುಟ್ಟಿದ್ದೇ ನನ್ನ ಮದುವೆಗೆ.

ಅಣ್ಣ ನಲವತ್ತು ವರ್ಷದ ನಂತರ ಬಹರೈನ್ ಬಿಟ್ಟು ಊರಿಗೆ ಬರುವವನಿದ್ದ. ಅಲ್ಲಿನ ನಮ್ಮ ಕರಾವಳಿಯವರ ಸಂಘ ಅವನಿಗೆ ಸನ್ಮಾನ ಇಟ್ಟುಕೊಂಡಿತ್ತು. ಸನ್ಮಾನ ಪತ್ರ ಬರೆದು ಓದಲು ನಾನು ಬರಬೇಕೆಂದು ಟಿಕೆಟ್ ಕಳುಹಿಸಿದರು. ಚರ್ಚಿನ ವಾರ್ತಾಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದದ್ದರ ಫಲ. ಅದರ ಮರುದಿನವೇ ಐರಿನ್ ಅತ್ತಿಗೆಯ ಫೋನ್. “ಸೆವ್ರಿನ್, ಪತ್ರ ನೀನು ಹೇಗೆ ಬೇಕಾದ್ರೂ ಬರಿ. ಆದ್ರೆ ನಿನ್ನ ಅಣ್ಣ ಹಾಡ್ತೇನೆ ಅಂತ ಕೂತಿದ್ದಾರೆ. ಈ ಪ್ರಾಯದಲ್ಲಿ ಜನ ನಗ್ತಾರೆ ಮಾರಾಯ್ತಿ. ನೀನು ಹೇಳಿದ್ರೆ ಕೇಳ್ತಾರೆ.”

ನಾನು ಹೇಳಿದ್ದನ್ನು ನನ್ನ ಅಣ್ಣ ಕೇಳಿದ ಉದಾಹರಣೆ ಒಂದೂ ಇಲ್ಲ. ಆದರೂ ಹೊರಟೆ.

ಮಂಗಳೂರು ವಿಮಾನ ನಿಲ್ದಾಣ

ಕೈಚೀಲದಲ್ಲಿ ಜಪಸರ, ಪ್ರಾರ್ಥನೆಯ ಪುಸ್ತಕ ಮತ್ತು ಅರ್ಧ ಲೀಟರ್ ಮಂತ್ರಿಸಿದ ನೀರು ಇಟ್ಟುಕೊಂಡಿದ್ದೆ. ಅಣ್ಣನ ಮನೆಗೆ ಚಿಮುಕಿಸಿ ಬರುವ ಎಂದು ಫಾದರ್ ಹತ್ತಿರ ಕೇಳಿ ತಂದದ್ದು. ತಪಾಸಣೆಯ ಹೆಣ್ಣುಮಗಳು ಬಾಟಲಿ ಎತ್ತಿ, ಇದನ್ನು ಒಳಗೆ ಬಿಡುವುದಿಲ್ಲ, ಇಲ್ಲೇ ಕುಡಿಯಿರಿ ಅಥವಾ ಬುಟ್ಟಿಗೆ ಹಾಕಿ ಎಂದಳು. ಮಂತ್ರಿಸಿದ ನೀರನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ? ನಿಂತಲ್ಲೇ ಅಷ್ಟನ್ನೂ ಕುಡಿದೆ. ಹಿಂದಿನ ಸಾಲಿನ ಗಂಡಸರು ಬೆಲ್ಟು ಕೈಯಲ್ಲಿ ಹಿಡಿದು ಭಕ್ತಿಯಿಂದ ನೋಡುತ್ತಿದ್ದರು. ಹಾಗೆ, ಅಣ್ಣನ ಮನೆಗೆ ಸಲ್ಲಬೇಕಾದ ಆಶೀರ್ವಾದ ಪೂರ್ತಿ ನನ್ನ ಹೊಟ್ಟೆಯಲ್ಲಿ ಕೂತು ಸಮುದ್ರ ದಾಟಿತು. ಕಿಟಕಿಯ ಸೀಟು ಸಿಕ್ಕವರಿಗೆ ಶೌಚಾಲಯಕ್ಕೆ ಏಳುವುದು ಎಷ್ಟು ಕಷ್ಟ ಎಂದು ಯಾವ ಪ್ರವಾಸ ಕಥನದಲ್ಲೂ ಬರೆದಿಲ್ಲ. ಪಕ್ಕದವರು ನಾಲ್ಕು ಸಲ ಎದ್ದು ದಾರಿ ಬಿಟ್ಟರು, ಬೈಯಲಿಲ್ಲ. ದೇವರ ದಯೆ ಎಂದರೆ ಇಂಥದ್ದೇ. ದೊಡ್ಡದು ಕೇಳುವ ಅಭ್ಯಾಸ ನನಗಿಲ್ಲ.

ಬಹರೈನಿನಲ್ಲಿ ಕರೆದುಕೊಂಡು ಹೋಗಲು ಸಂಘದವರು ಟ್ಯಾಕ್ಸಿಯ ಹಮೀದರನ್ನು ಕಳುಹಿಸಿದ್ದರು. ಉಳ್ಳಾಲದ ಬ್ಯಾರಿ ಮುಸ್ಲಿಮರು, ಇಲ್ಲಿ ಬಂದು ಇಪ್ಪತ್ತು ವರ್ಷ; ಆದರೂ ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದೇ ಕರೆದರು. 

“ಬಾಯಮ್ಮ, ಲಾರೆನ್ಸ್ ಸಾಹೇಬರ ತಂಗಿ ಅಲ್ವಾ ನೀವು? ನಮ್ಮ ಪಕ್ಕದ ಮನೆ ಬಾಯಮ್ಮನ ಮಗಳ ಮದುವೆಯಲ್ಲಿ ಆ ಹಾಡಿಗೆ ನಾನೂ ಅತ್ತಿದ್ದೇನೆ.”

“ನಿಮಗೆ ಕೊಂಕಣಿ ಬರ್ತದಾ?”

“ಇಲ್ಲ. ಎಲ್ಲರೂ ಅಳುವಾಗ ನಾನೊಬ್ಬ ಸುಮ್ಮನೆ ನಿಂತ್ರೆ ಎಂತ ಹೇಳ್ತಾರೆ?”

ಜುಫೈರ್, ಹನ್ನೊಂದನೇ ಮಹಡಿ

ಜುಫೈರ್‌ನಲ್ಲಿ ಮನೆಗಳು ಒಂದರ ಮೇಲೊಂದು. ನಮ್ಮೂರಲ್ಲಿ ನೆರೆಯವರು ಮೀನು ಹುರಿದರೆ ಎಂಥ ಮೀನೆಂದು ಇಲ್ಲಿಂದಲೇ ಹೇಳಬಹುದು. ಅಲ್ಲಿ ಪಕ್ಕದ ಬಾಗಿಲಿನ ಹಿಂದೆ ಯಾರಿದ್ದಾರೆಂದು ಅತ್ತಿಗೆಗೆ ಒಂಬತ್ತು ವರ್ಷದಿಂದ ಗೊತ್ತಿಲ್ಲ. ಹೊರಗೆ ಸುಡುವ ಬಿಸಿಲು, ಒಳಗೆ ಎಸಿ. ಅತ್ತಿಗೆ ಮನೆಯೊಳಗೆ ಸ್ವೆಟರ್ ಹಾಕಿಕೊಂಡು, ಹೊರಗೆ ಹೋಗುವಾಗ ತೆಗೆದಿಡುತ್ತಾಳೆ. 

ಅಣ್ಣ ಬಾಗಿಲು ತೆಗೆದಾಗ ಮೊದಲು ಕಂಡದ್ದು ಅವನ ಕೂದಲು. ಮುಂದಲೆಯ ಕೂದಲನ್ನು ಹುಂಜದ ಜುಟ್ಟಿನಂತೆ ಎಬ್ಬಿಸಿ, ಎಣ್ಣೆಯಲ್ಲಿ ಮಿಂದೇಳಿಸಿ, ಹಿಂದಕ್ಕೆ ಬಾಗಿಸಿದ್ದ. ಬಣ್ಣ ಕಡುಕಪ್ಪು. ದೇವರು ಅವನಿಗೆ ಬಿಳಿ ಕೂದಲು ಕೊಟ್ಟು ಎಷ್ಟೋ ವರ್ಷಗಳಾದವು; ಅವನು ಸ್ವೀಕರಿಸಿಲ್ಲ, ಅಷ್ಟೆ.

ಈ ಜುಟ್ಟಿಗೊಂದು ಕಾರಣವುಂಟು. ರಾಕಬಿಲಿ ಎಂಬ ಹಾಡಿನ ಕ್ರಮ. ಅಮೆರಿಕದ ಹಳ್ಳಿಯ ಹುಡುಗರು ಎಂದೋ ಶುರು ಮಾಡಿದ್ದಂತೆ. ಹಾಡು ಬಸ್ಸು ತಪ್ಪಿದವರಂತೆ ಓಡುತ್ತದೆ. ಹಾಡುವವನು ನಡುನಡುವೆ ಬಿಕ್ಕಳಿಸುತ್ತಾನೆ. ಅದು ಕಾಯಿಲೆ ಅಲ್ಲ, ಅಲಂಕಾರ. ಪಕ್ಕದಲ್ಲೊಬ್ಬ ಆಳೆತ್ತರದ ಪಿಟೀಲನ್ನು ನೆಲಕ್ಕೆ ಊರಿ ನಿಲ್ಲಿಸಿ, ಕಮಾನು ಬಿಟ್ಟು, ತಂತಿ ಎಳೆದು ಅದರ ಕುತ್ತಿಗೆಗೇ ಬಡಿಯುತ್ತಾನೆ. ಅದಕ್ಕೆ ಬಾಸ್ ಎಂದು ಹೆಸರು. ಇಂಥ ಸಂಗೀತಕ್ಕೆ ಇಗರ್ಜಿಯ ಕೊಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಬೆಳೆದ ನನ್ನ ಅಣ್ಣ ಮರುಳಾದ. ಹಗಲು ಬಂದರಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್, ಸಂಜೆ ಜುಫೈರಿನ ಹೋಟೆಲಿನಲ್ಲಿ ‘ಲ್ಯಾರಿ’. ಕೇಳುತ್ತಿದ್ದವರು ಹತ್ತಿರದ ನೌಕಾನೆಲೆಯ ವಿದೇಶಿ ನಾವಿಕರು. ಅವರು ಅರ್ಧ ಹಾಡಿಗೆ ಎದ್ದು ಹೋಗುತ್ತಿದ್ದರಂತೆ. ಅದು ಕರ್ತವ್ಯದ ಕರೆಗೆ ಎಂದು ಅಣ್ಣ ನಂಬಿದ್ದಾನೆ.

ಆ ಸಂಜೆ ಸಂಘದ ಅಧ್ಯಕ್ಷರು, ಶೆಟ್ಟರು, ಕಾರ್ಯಕ್ರಮದ ಪಟ್ಟಿ ಹಿಡಿದು ಬಂದರು. ದೊಡ್ಡ ವ್ಯಾಪಾರಸ್ಥರು, ಒಳ್ಳೆಯ ಮನುಷ್ಯ. ಯಾರಿಗಾದರೂ ಶಾಲು ಹೊದೆಸದಿದ್ದರೆ ಅವರಿಗೆ ವಾರ ಕಳೆದಂತೆ ಆಗುವುದಿಲ್ಲ ಎಂದು ಅತ್ತಿಗೆ ಮೊದಲೇ ಹೇಳಿದ್ದಳು.

“ಲಾರೆನ್ಸಣ್ಣ, ನೀವು ಕೂತ್ರೆ ಸಾಕು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನಾವು ನೋಡಿಕೊಳ್ತೇವೆ. ಹಾಡು ಹಾಡಲಿಕ್ಕೆ ಊರಿಂದ ಫೇಮಸ್ ಸಿಂಗರನ್ನು ತರಿಸಿದ್ದೇವೆ.”

“ನನ್ನ ಹಾಡು ನಾನು ಹಾಡ್ತೇನೆ ಶೆಟ್ರೇ. ಐದು ನಿಮಿಷ ಸಾಕು.”

ಶೆಟ್ಟರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಯೇಸುವಿನ ಪಟ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು.

“ಆಯ್ತು,” ಎಂದರು ಶೆಟ್ಟರು, “ಕೊನೆಯಲ್ಲಿ ಹಾಕುವ. ಟೈಮ್ ಇದ್ರೆ.”

ಟೈಮ್ ಇದ್ದರೆ! ನಾಲ್ಕು ಭಾಷಣಕಾರರಿರುವ ಸಭೆಯಲ್ಲಿ ಕೊನೆಗೆ ಟೈಮ್ ಉಳಿದದ್ದನ್ನು ಕಂಡವರು ನನಗೆ ತಿಳಿಸಲಿ, ಅದನ್ನೂ ಪವಾಡಗಳ ಪಟ್ಟಿಗೆ ಸೇರಿಸೋಣ. ನನ್ನ ಕೆಲಸ ನಾನು ಬಾಯಿ ತೆರೆಯುವ ಮೊದಲೇ ಮುಗಿಯಿತೆಂದು ಸಮಾಧಾನದಿಂದ ಮಲಗಿದೆ.

ಮೀನಾ ಸಲ್ಮಾನ್

ಮರುದಿನ ಸನ್ಮಾನ ಪತ್ರಕ್ಕೆ ವಿವರ ಬೇಕೆಂದು ಕೇಳಿದ್ದಕ್ಕೆ, ಅಣ್ಣ ತಾನು ದುಡಿದ ಗೋದಾಮು ತೋರಿಸಲು ಕರೆದುಕೊಂಡು ಹೋದ. ಮೀನಾ ಸಲ್ಮಾನ್ ಹಳೆಯ ಬಂದರು. ನಮ್ಮ ಮಂಗಳೂರಿನ ಬಂದರಿನಲ್ಲಿ ಮೂಗು ಮುಚ್ಚಿಕೊಂಡರೂ ಮೀನು ಬಿಡುವುದಿಲ್ಲ. ಇಲ್ಲಿ ಬರೀ ಕಬ್ಬಿಣ, ಡೀಸೆಲ್. ಉದ್ದಕ್ಕೆ ತಗಡಿನ ಗೋದಾಮುಗಳು, ಅವುಗಳ ಹಿಂದೆ ಕೆಲಸಗಾರರ ಕೋಣೆಗಳು, ಹಗ್ಗದ ಮೇಲೆ ಸಾಲಾಗಿ ಒಣಗುವ ಒಂದೇ ಬಣ್ಣದ ಅಂಗಿಗಳು.

“ಈ ತಗಡಿನ ಕೆಳಗೆ ಕೂತು ಬರೆದದ್ದು ಎಲ್ಲ,” ಎಂದ. “ಸಾಮಾನು ಇಳಿಸಿದ ಚೀಟಿ ಉಂಟಲ್ಲ, ಅದರ ಹಿಂದೆ.”

ಅಲ್ಲಿ ಬರೆದು ಊರಿಗೆ ಕಳುಹಿಸಿದ್ದನ್ನೆಲ್ಲ ಊರಿನವರು ಹಾಡಿದರು. ಕ್ಯಾಸೆಟ್ಟಿನ ಕವರಿನಲ್ಲಿ ಹಾಡುಗಾರರ ಬಣ್ಣದ ಫೋಟೋ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಸಾಹಿತ್ಯ: ಲಾರೆನ್ಸ್’. ಇಲ್ಲಿ ಮಾತ್ರ ಹೋಟೆಲಿನವರು ಒಂದು ದಿನ ಯಂತ್ರದಿಂದ ಹಾಡು ಹಾಕಲು ಶುರು ಮಾಡಿ ಲ್ಯಾರಿಗೆ ಕೈ ಮುಗಿದರು. ಬರೆದದ್ದಕ್ಕೆ ಹೆಸರು, ಹಾಡಿದ್ದಕ್ಕೆ ಮೌನ. ದೇವರು ಯಾರಿಗೆ ಏನು ಕೊಡಬೇಕೆಂದು ಸರಿಯಾಗಿ ತೂಗಿಯೇ ಕೊಟ್ಟಿದ್ದಾನೆ ಎಂದು ನಾನು ನೋಟುಪುಸ್ತಕ ಮುಚ್ಚಿದೆ.

“ಪತ್ರದಲ್ಲಿ ಎಂತ ಬರೀತಿ? ಕವಿ ಅಂತಲಾ?”

“ಗೀತರಚನಕಾರ. ಶೆಟ್ರು ಹಾಗೇ ಹೇಳಿದ್ದು.”

“ಗಾಯಕ ಅಂತ ಬರಿ.”

“ಅಣ್ಣ, ಸುಳ್ಳು ಬರೆದು ನಾನು ಯಾವ ಫಾದರ್ ಹತ್ತಿರ ಪಾಪನಿವೇದನೆ ಮಾಡಲಿ?”

ಅವನು ನಗಲಿಲ್ಲ. “ಆ ಹಾಡು ಅಳುವ ಹಾಡಲ್ಲ ಸೆವ್ರಿನ್. ಓಡುವ ಹಾಡು. ಒಮ್ಮೆಯೂ ಅದನ್ನು ಯಾರೂ ನಾನು ಮಾಡಿದ ಹಾಗೆ ಹಾಡಿಲ್ಲ. ಊರಿಗೆ ಹೋದ ಮೇಲೆ ನಾನೂ ಅವರ ಜೊತೆ ನಿಂತು ಅಳಬೇಕು. ಅದಕ್ಕಿಂತ ಮೊದಲು, ನಿನ್ನ ಎದುರು, ಒಂದು ಸಲ ಸರಿಯಾಗಿ ಆಗಬೇಕು.”

ಬಿಸಿಲು ತಲೆಗೆ ಹತ್ತಿದೆ ಎಂದುಕೊಂಡೆ. 

ಸಲ್ಮಾಬಾದ್

ನಾನು ನಂಬಲಿಲ್ಲವೆಂದು ಅಣ್ಣನಿಗೆ ನನ್ನ ಮುಖದಲ್ಲಿ ಕಂಡಿರಬೇಕು. ಹಮೀದರಿಗೆ ಫೋನ್ ಮಾಡಿ ನೇರ ಸಲ್ಮಾಬಾದಿಗೆ ಕರೆದುಕೊಂಡು ಹೋದ. ಅದು ವರ್ಕ್‌ಶಾಪುಗಳ ಊರು; ಒಂದು ಕಡೆ ಬೆಸುಗೆಯ ಕಿಡಿ, ಇನ್ನೊಂದು ಕಡೆ ಮರದ ಪುಡಿ. ಶ್ರೀಲಂಕಾದ ಬಡಗಿ ನಿಹಾಲ್ ಎಂಬವನ ಅಂಗಡಿಯಲ್ಲಿ, ಹೊಸ ಕಪಾಟುಗಳ ನಡುವೆ, ಆ ಆಳೆತ್ತರದ ಬಾಸ್ ನಿಂತಿತ್ತು. ಹೋಟೆಲಿನ ದಿನಗಳಿಂದ ಅದನ್ನು ಬಡಿಯುವವನು ಇವನೇ. ಹಗಲು ಮರಕ್ಕೆ ಮೊಳೆ ಹೊಡೆದವನಿಗೆ ಸಂಜೆ ಅದೇ ಕೆಲಸ ಸಂಗೀತವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಣ್ಣ ನಿಹಾಲನ ಹಳೆಯ ಟೇಪ್ ರೆಕಾರ್ಡರಿಗೆ ಒಂದು ಕ್ಯಾಸೆಟ್ ಹಾಕಿದ.

ಈ ಕ್ಯಾಸೆಟ್ಟಿನ ಕಥೆ ಗಲ್ಫಿಗೆ ಮಗನನ್ನು ಕಳುಹಿಸಿದ ಯಾವ ಮನೆಗೂ ಹೊಸದಲ್ಲ. ಆಗ ಫೋನ್ ದುಬಾರಿ, ಅಮ್ಮನಿಗೆ ಓದು ಬರೆಹ ಇಲ್ಲ. ಮಗ ಮಾತಾಡಿ ಕ್ಯಾಸೆಟ್ ಕಳುಹಿಸುತ್ತಿದ್ದ. ಅಮ್ಮ ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿಸಿ, ರಜೆ ಮುಗಿಸಿ ಹೋಗುವ ಯಾರದ್ದಾದರೂ ಕೈಯಲ್ಲಿ ವಾಪಸು ಕೊಡುತ್ತಿದ್ದಳು. ಒಂದೇ ಕ್ಯಾಸೆಟ್ ಹಾಲಿನ ಪಾತ್ರೆಯಂತೆ ಹೋಗಿ ಬರುತ್ತಿತ್ತು.

ಅಮ್ಮನ ಸ್ವರ ಬಂತು. ಅವಳು ತೀರಿಕೊಂಡ ಮೇಲೆ ನಾನು ಕೇಳಿರಲಿಲ್ಲ. “ಲಾರೆನ್ಸಾ, ನೀನು ಹೇಳಿದ್ದೆಲ್ಲ ಕೇಳಿದೆ ಮಗಾ. ಮದುವೆಗೆ ರಜೆ ಸಿಗದಿದ್ರೆ ಬೇಡ, ಎಂತ ಮಾಡುದು. ಹಾಡು ಬರೆದ ಕಾಗದ ಕೊಯರಿನ ಮೇಷ್ಟ್ರಿಗೆ ಕೊಟ್ಟಿದ್ದೇನೆ, ಅವರೇ ರಾಗ ಹಾಕ್ತಾರಂತೆ. ಒಣಸಿಗಡಿ ಕಳಿಸಿದ್ದೇನೆ, ಇರುವೆ ಬರ್ತದೆ, ಜಾಗ್ರತೆ. ದಿನಾ ಪ್ರಾರ್ಥನೆ ಮಾಡ್ತೀಯಲ್ಲ?” ಒಣಸಿಗಡಿ, ದನ, ಪ್ರಾರ್ಥನೆ ಎಲ್ಲ ಮುಗಿದು ಕೊನೆಗೆ, “ಇದನ್ನು ನಿಲ್ಲಿಸುದು ಹೇಗೆ ಮಾರಾಯ್ತಿ?” ಎಂದಳು. 

ಆಗ ದೂರದಿಂದ ಒಬ್ಬ ಹುಡುಗಿಯ ಸ್ವರ, ಗರ್ವದಿಂದ: “ನಿನಗೆ ಗೊತ್ತಾಗುದಿಲ್ಲ, ಬಿಡಮ್ಮ. ಒತ್ತಿದ್ದು ನಾನಲ್ವಾ, ನಿಲ್ಲಿಸುದೂ ನಾನೇ.”

ಅದು ನಾನು.

ಕಟ್ ಎಂದು ಸದ್ದಾಯಿತು. ಅದರ ಹಿಂದೆಯೇ, ಅಮ್ಮನ ಮಾತಿನಡಿ ಅಳಿಯದೆ ಉಳಿದ ಹಾಡಿನ ಬಾಲ ಹೊರಗೆ ಬಂತು. ಬಾಸಿನ ಬಡಿತ, ಗಿಟಾರು, ಎಳೆಯ ಪ್ರಾಯದ ಅಣ್ಣನ ಸ್ವರ ಓಡುತ್ತಾ, ಬಿಕ್ಕಳಿಸುತ್ತಾ, ‘ನಿನ್ನ ಪಾಲಿನ ಮೀನಿನ ತಲೆ ಇಂದಿನಿಂದ ನನಗೆ!’ ಕೊನೆಗೆ ಜೋರಾಗಿ ಒಂದು ನಗು. ಮುಗಿಯಿತು.

“ಒಂದು ಬದಿಯಲ್ಲಿ ಮಾತು, ಇನ್ನೊಂದು ಬದಿಯಲ್ಲಿ ಹಾಡು ತುಂಬಿಸಿದ್ದೆ,” ಎಂದ ಅಣ್ಣ. “ನೀವು ಆ ಬದಿ ಖಾಲಿ ಅಂತ ಗ್ರಹಿಸಿದ್ರಿ.”

ಗ್ರಹಿಸಿದ್ದು ನಾನು. ರೆಕಾರ್ಡಿನ ಕೆಂಪು ಗುಂಡಿ ಒತ್ತಿದ್ದೂ ನಾನು. ತಂಗಿಯನ್ನು ನಗಿಸಿ ಕಳುಹಿಸಲು ಬರಲಾಗದ ಅಣ್ಣ ಕಳುಹಿಸಿದ ಹಾಡನ್ನು ಒಣಸಿಗಡಿಯಲ್ಲಿ ಮುಚ್ಚಿದ್ದೂ ನಾನು. ರಾಗ ಹಾಕಿದ ಕೊಯರಿನ ಮೇಷ್ಟ್ರಿಗೆ ಯೇಸುವಿನ ಮರಣಕ್ಕೆ ಅಳುವ ಶುಭಶುಕ್ರವಾರದ ರಾಗ ಬಿಟ್ಟು ಬೇರೆ ಬರುತ್ತಿರಲಿಲ್ಲ. ಹಾಗಾಗಿ ಒಂದು ಮೀನಿನ ತಲೆಗಾಗಿ ಕರಾವಳಿಯ ಹೆಂಗಸರೆಲ್ಲ ಇಷ್ಟು ವರ್ಷ ಸೆರಗು ಒದ್ದೆ ಮಾಡಿಕೊಂಡೆವು.

“ಯಾಕೆ ಹೇಳಲಿಲ್ಲ ಅಣ್ಣ?”

“ಅಮ್ಮ ಇರುವಾಗ ಹೇಳುವ ಹಾಗಿರಲಿಲ್ಲ, ಬೇಜಾರು ಮಾಡ್ತಿದ್ದಳು. ಆಮೇಲೆ ಹಾಡೇ ಫೇಮಸ್ ಆಯ್ತಲ್ಲ. ಫೇಮಸ್ ಆದದ್ದನ್ನು ತಪ್ಪು ಅಂದ್ರೆ ಯಾರು ಕೇಳ್ತಾರೆ?”

ಶುಕ್ರವಾರ, ಹಾಲ್

ಬಹರೈನಿನಲ್ಲಿ ವಾರದ ರಜೆ ಶುಕ್ರವಾರ. ಭಾನುವಾರದ ಪೂಜೆಯನ್ನೂ ನಮ್ಮವರು ಶುಕ್ರವಾರವೇ ಕೇಳಿ ಮುಗಿಸುತ್ತಾರೆ. ದೇವರು ಅಲ್ಲಿ ಎರಡು ದಿನ ಮುಂದೆ ಇದ್ದಾನೆ. ಬೆಳಿಗ್ಗೆ ಪೂಜೆಯಲ್ಲಿ ನಾನು ಕೇಳಿಕೊಂಡದ್ದು ಒಂದೇ: ಭಾಷಣಕಾರರಿಗೆ ಗಂಟಲು ನೋವು, ಸಣ್ಣದು ಸಾಕು.

ಸಿಗಲಿಲ್ಲ. ಹಾಲನ್ನು ಸಂಜೆ ನಾಲ್ಕಕ್ಕೆ ಬಿಟ್ಟುಕೊಡಬೇಕಿತ್ತು. ಆಮೇಲೆ ಯಾವುದೋ ಮಗುವಿನ ಹುಟ್ಟುಹಬ್ಬ. ಸ್ವಾಗತ ಭಾಷಣದಲ್ಲಿ ಸ್ವಾಗತಿಸಿದವರನ್ನೇ ಪ್ರಸ್ತಾವನೆ ಮಾಡಿದವರು ಮತ್ತೆ ಸ್ವಾಗತಿಸಿದರು. ಮುಖ್ಯ ಅತಿಥಿಗಳು ತಾವು ಬರಿಗಾಲಲ್ಲಿ ಶಾಲೆಗೆ ಹೋದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿದರು. ಊರಿನ ಗಾಯಕರು ಹಾಡಲು ಎದ್ದು, ಕಣ್ಣು ಮುಚ್ಚಿ, ‘ಬಸ್ಸು’ ಎಂದರು. ‘ಬಂತು’ ಎನ್ನುವಷ್ಟರಲ್ಲಿ ನಿಜವಾದ ಬಸ್ಸು ಕುಂದಾಪುರ ಮುಟ್ಟಬಹುದಿತ್ತು. ಒಟ್ಟು ಎಂಟು ನಿಮಿಷ. ಹೆಂಗಸರೆಲ್ಲ ಅತ್ತರು. ಹಮೀದರು ಬಾಗಿಲ ಹತ್ತಿರ ನಿಂತು, ಮರ್ಯಾದೆಗೆ, ಕಣ್ಣು ಒರೆಸಿಕೊಂಡರು.

ಅಣ್ಣನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಜುಟ್ಟಿನ ಮೇಲೆ ಪೇಟ ಕೂರಲಿಲ್ಲ. ಇಬ್ಬರು ಒತ್ತಿ ಕೂರಿಸಿದರು. ಶಾಲು, ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಸೇಬುಗಳ ಹಿಂದಿನಿಂದ ಅವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ನನ್ನನ್ನೇ ನೋಡುತ್ತಿದ್ದವು. ವೇದಿಕೆಯ ಮೂಲೆಯಲ್ಲಿ ಗಿಟಾರಿನ ಪಕ್ಕ ನಿಹಾಲ್ ತನ್ನ ಬಾಸ್ ಹಿಡಿದು ಬೆಳಗಿನಿಂದ ನಿಂತಿದ್ದ. ಯಾರೋ ಅದನ್ನು ಕಂಬವೆಂದು ತಿಳಿದು ಬ್ಯಾನರಿನ ಹಗ್ಗ ಕಟ್ಟಿದ್ದರು.

ಸನ್ಮಾನ ಪತ್ರ ಓದಲು ನನ್ನನ್ನು ಕರೆದಾಗ ನಾಲ್ಕಕ್ಕೆ ಐದು ನಿಮಿಷ. ಗಾಜಿನ ಬಾಗಿಲಿನ ಆಚೆ ಹುಟ್ಟುಹಬ್ಬದವರು ಬಲೂನು ಹಿಡಿದು ನಿಂತಿದ್ದರು. ನನ್ನ ಪತ್ರ ಎರಡು ಪುಟ, ಒಳ್ಳೆಯ ಕನ್ನಡ, ಓದಲು ಏಳು ನಿಮಿಷ. ಮೂರು ದಿನ ಕೂತು ಬರೆದದ್ದು. ಇಷ್ಟು ದೊಡ್ಡ ಸಭೆಯಲ್ಲಿ ನಾನು ಬರೆದದ್ದನ್ನು ಓದುವ ಭಾಗ್ಯ ನನಗೆ ಇನ್ನು ಬರಲಿಕ್ಕಿಲ್ಲ. 

ಮೈಕಿನಲ್ಲಿ ಹೇಳಿದೆ: “ಇವರು ನನ್ನ ಅಣ್ಣ ಲಾರೆನ್ಸ್. ಗಾಯಕರು. ಈಗ ಹಾಡ್ತಾರೆ.”

ಹೋಗಿ ಅವನ ಮಡಿಲಿನ ಬುಟ್ಟಿ ಎತ್ತಿ ಶೆಟ್ಟರ ಮಡಿಲಲ್ಲಿಟ್ಟೆ.

“ಅಕ್ಕಾ, ಪತ್ರ ಪೂರ್ತಿ ಓದಿ,” ಎಂದರು ಶೆಟ್ಟರು ಸೇಬುಗಳ ಹಿಂದಿನಿಂದ. “ಹಾಡಿಗೆ ಟೈಮ್ ಇಲ್ಲ.”

“ಫ್ರೇಮ್ ಹಾಕಿಸಿದ್ದೀರಲ್ಲ ಶೆಟ್ರೇ, ಗೋಡೆಗೆ ಹಾಕಿದ್ರೆ ಬೇಕಾದವರು ಓದ್ತಾರೆ. ಇವನನ್ನು ಗೋಡೆಗೆ ಹಾಕ್ಲಿಕ್ಕೆ ಆಗುದಿಲ್ಲ.”

ಅಣ್ಣ ಪೇಟ ತೆಗೆದ. ಜುಟ್ಟು ತನ್ನಷ್ಟಕ್ಕೇ ಮೇಲೆದ್ದಿತು. ನಿಹಾಲ್ ಬ್ಯಾನರಿನ ಹಗ್ಗ ಬಿಚ್ಚಿದ, ಬ್ಯಾನರು ಮುಖ್ಯ ಅತಿಥಿಗಳ ಮೇಲೆ ಇಳಿಯಿತು. ಅಣ್ಣ ಗಿಟಾರ್ ಎತ್ತಿಕೊಂಡ, ಬಡಿತ ಶುರುವಾಯಿತು.

ಚೆನ್ನಾಗಿ ಹಾಡಿದನೆಂದು ಬರೆದರೆ ಮತ್ತೆ ಪಾಪನಿವೇದನೆಗೆ ಹೋಗಬೇಕಾಗುತ್ತದೆ. ಮೊದಲ ಬಿಕ್ಕಳಿಕೆಗೇ ಯಾರೋ ನೀರಿನ ಬಾಟಲಿ ಹಿಡಿದು ಓಡಿ ಬಂದರು. ಸ್ವರದಲ್ಲಿ ಗೋದಾಮಿನ ತಗಡು ಇತ್ತು. ಆದರೆ ಹಾಡು ಓಡಿತು. ಬಸ್ಸು ಬಂತು, ತಂಗಿ ಹತ್ತಿದಳು, ಹಿಂದೆ ನೋಡಲು ಪುರುಸೊತ್ತೇ ಇರಲಿಲ್ಲ. ಎರಡನೇ ಚರಣಕ್ಕೆ ಅವನ ಉಸಿರು ನಿಂತಿತು. ಅವನು ಬಾಯಿ ತೆರೆದು ನಿಂತ. ಬಾಸ್ ಮಾತ್ರ ಬಡಿಯುತ್ತಿತ್ತು. ನನ್ನ ಕೈಯಲ್ಲಿ ಪತ್ರ ಓದುವ ಮೈಕು ಇತ್ತು. ನೂರು ಮದುವೆಗಳಲ್ಲಿ ಅತ್ತುಕೊಂಡು ಹಾಡಿದ ಸಾಲು, ನನಗೆ ಬಾರದೆ ಯಾರಿಗೆ ಬರಬೇಕು? ಅವನ ವೇಗಕ್ಕೆ ಎತ್ತಿಕೊಂಡೆ. ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ‘ನಿನ್ನ ಪಾಲಿನ ಮೀನಿನ ತಲೆ’ ಬಂದಾಗ ಅಣ್ಣನಿಗೆ ಉಸಿರು ವಾಪಸು ಬಂತು, ಬಿಕ್ಕಳಿಕೆಯೂ ಬಂತು. ಇಡೀ ಹಾಲ್ ನಕ್ಕಿತು. ನಗಬೇಕಾದ ಜಾಗದಲ್ಲೇ, ಮೊದಲ ಸಲ.

ಹಾಡು ಮುಗಿದಾಗ ಗಡಿಯಾರ ನೋಡಿದೆ. ನಾಲ್ಕಕ್ಕೆ ಒಂದು ನಿಮಿಷ ಬಾಕಿ. ಎಳೆದು ಹಾಡಿದ್ದರೆ ಬಸ್ಸು ಬರುವ ಮೊದಲೇ ಹಾಲ್ ಬಿಡಬೇಕಾಗಿತ್ತು. ಇದಕ್ಕಿಂತ ಸರಿಯಾದ ಅಳತೆಯ ದಯೆಯನ್ನು ನಾನು ಕಂಡಿಲ್ಲ.

“ಜನ ನಕ್ಕರು ನೋಡು,” ಎಂದಳು ಅತ್ತಿಗೆ ಕಾರಿನಲ್ಲಿ. ಅವಳೂ ನಕ್ಕಿದ್ದನ್ನು ನಾನು ಕಂಡಿದ್ದೆ.

ಹೊರಡುವ ಮಧ್ಯಾಹ್ನ

ಕೊನೆಯ ಊಟಕ್ಕೆ ಅತ್ತಿಗೆ ಹಮೂರ್ ಮೀನಿನ ಗಸಿ ಮಾಡಿದ್ದಳು. ಬಹರೈನಿನವರು ಈ ಮೀನನ್ನು ಅನ್ನದೊಡನೆ ಬೇಯಿಸಿ ಹೊಗಳುತ್ತಾರೆ. ನಮ್ಮೂರಿನ ಅಂಜಲ್ ಮೀನಿಗೆ ಸಮನಲ್ಲ, ಆದರೆ ತಲೆ ದೊಡ್ಡದು, ಒಳ್ಳೆಯ ಮಾಂಸ. ಅತ್ತಿಗೆ ಅದನ್ನು ಎಂದಿನಂತೆ ಅಣ್ಣನ ಬಟ್ಟಲಿಗೆ ಬಡಿಸಿದಳು.

ಅಣ್ಣ ಅದನ್ನೆತ್ತಿ ನನ್ನ ಬಟ್ಟಲಿಗೆ ಹಾಕಿದ.

“ಹಾಡಿನಲ್ಲಿ ಬೇರೆ ಹೇಳಿದ್ದೀಯಲ್ಲ?” ಎಂದೆ.

“ಹಾಡಿ ಆಯ್ತಲ್ಲ,” ಎಂದ. “ಇನ್ನು ತಿನ್ನು. ಬಸ್ಸಿಗೆ ತಡ ಆಗ್ತದೆ.”